ಮಗಳ ವಯಸ್ಸೆಷ್ಟು ಎಂದು ಕೇಳುವುದು ದೀನ್‌ನ ಕೆಲಸ
(ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್ (ಸ) ಅವರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಹಾಬಿಗಳ ಮೇಲೆ ಸಲಾತ್ ಹಾಗೂ ಸಲಾಮ್ ಇರಲಿ.



ನಮ್ಮ ಕೈಯಲ್ಲಿ ಇರುವ ಮಕ್ಕಳು ನಮ್ಮ ಸ್ವತ್ತಲ್ಲ. ಅವರು ಅಲ್ಲಾಹನ ಅಮಾನತ್. ಪ್ರವಾದಿ (ಸ) ಅವರು ನಮ್ಮೆಲ್ಲರನ್ನೂ ಕುರಿ ಕಾಯುವವನಿಗೆ ಹೋಲಿಸಿದ್ದಾರೆ. ಕಾಯುವವನನ್ನು ಅವನ ಮಂದೆಯ ಬಗ್ಗೆ ಕೇಳಲಾಗುವುದು ಎಂದು ಎಚ್ಚರಿಸಿದ್ದಾರೆ. ನಮ್ಮ ಭಾಗದಲ್ಲಿ ಕುರಿ ಕಾಯುವುದು ಎಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮರಿ ಕಾಣೆಯಾದರೆ ಕುರಿಗಾಹಿ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಮರಿ ಹುಡುಕಲು ಹೋಗುತ್ತಾನೆ. ಇವತ್ತು ನಾವು ಮಾತಾಡಬೇಕಾಗಿರುವುದು ನಮ್ಮ ಮಂದೆಯಿಂದ ಸದ್ದಿಲ್ಲದೆ ಕಾಣೆಯಾಗುತ್ತಿರುವ ಮರಿಗಳ ಬಗ್ಗೆ.

ಈ ಮಾತು ಇವತ್ತು ಯಾಕೆ?

ಕೆಲವು ವಾರಗಳ ಹಿಂದೆ ಒಬ್ಬ ತಂದೆ ನಮ್ಮ ಬಳಿ ಬಂದರು. ಮಗಳ ನಿಕಾಹ್ ಇದೆ, ತಾರೀಕು ಹೇಳಿ ಹಜರತ್ ಎಂದರು. ನಾವು ಮುಬಾರಕ್ ಹೇಳಿ, ಮಗುವಿನ ಶಾಲೆಯ ಪ್ರಮಾಣಪತ್ರ ತನ್ನಿ ಎಂದೆವು. ಅವರ ಮುಖ ಸಣ್ಣದಾಯಿತು. "ಹಜರತ್, ನೀವು ನಿಕಾಹ್ ಓದುವವರೋ, ಪೊಲೀಸರೋ?" ಎಂದು ಕೇಳಿಯೇಬಿಟ್ಟರು. ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಏಕೆಂದರೆ ಒಂದು ಕಾಲದಲ್ಲಿ ನಾವೂ ಹೀಗೆಯೇ ಯೋಚಿಸುತ್ತಿದ್ದೆವು. ವಯಸ್ಸು ನೋಡುವುದು ಸರ್ಕಾರದ ಕೆಲಸ, ಈಜಾಬ್ ಮತ್ತು ಕಬೂಲ್ ಕೇಳುವುದು ನಮ್ಮ ಕೆಲಸ ಎಂದು ತಿಳಿದಿದ್ದೆವು.

ಇಮಾಮತ್‌ಗೆ ಬಂದ ಮೊದಲ ವರ್ಷಗಳಲ್ಲಿ ನಾವು ಒಂದು ನಿಕಾಹ್ ಓದಿಸಿದೆವು. ಹುಡುಗಿ ನಮ್ಮ ಹತ್ತಿರವೇ ಮಕ್ತಬ್‌ನಲ್ಲಿ ನಾಜಿರಾ ಓದಿದವಳು. ವಯಸ್ಸು ಎಷ್ಟು ಎಂದು ಕೇಳಿದಾಗ ಮನೆಯವರು ಆಧಾರ್ ಕಾರ್ಡ್ ತೋರಿಸಿದರು. ಅದರಲ್ಲಿ ಜನವರಿ 1 ಎಂದು ಇತ್ತು, ಲೆಕ್ಕ ಹಾಕಿದರೆ ಹದಿನೆಂಟು ಆಗುತ್ತಿತ್ತು. ಊರಲ್ಲಿ ಅರ್ಧ ಜನರ ಜನ್ಮದಿನ ಜನವರಿ 1 ಅಥವಾ ಜೂನ್ 1 ಎಂದೇ ಇರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಕ್ತಬ್‌ನಲ್ಲಿ ಅವಳ ಜೊತೆ ಕೂತಿದ್ದ ಮಕ್ಕಳು ಆಗಿನ್ನೂ ಒಂಬತ್ತನೇ ತರಗತಿಯಲ್ಲಿದ್ದರು ಎಂಬುದೂ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿದೆವು. ಖುತ್ಬಾ ಓದಿದೆವು, ದುಆ ಮಾಡಿದೆವು, ಖಜೂರ್ ಹಂಚಿದೆವು.

ಮದುವೆಯಾದ ತಿಂಗಳಲ್ಲೇ ಆಕೆ ಗಂಡನ ಜೊತೆ ಪುಣೆಯ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋದಳು. ವರ್ಷ ತುಂಬುವುದರೊಳಗೆ ತವರಿಗೆ ಮರಳಿದಳು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಮೈಯಲ್ಲಿ ರಕ್ತವಿರಲಿಲ್ಲ. ನಾವು ನೋಡಲು ಹೋದಾಗ ದುಪಟ್ಟಾ ಸರಿಮಾಡಿಕೊಂಡು ಎದ್ದು ಕೂತು ಸಲಾಮ್ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಜರತ್, ಅಬ್ಬಾ ಸುಳ್ಳು ಹೇಳಿದರು, ಸರಿ. ನನ್ನ ವಯಸ್ಸು ನಿಮಗೆ ಗೊತ್ತಿತ್ತಲ್ಲ?"

ಸಹೋದರರೇ, ಮಹಶರ್‌ನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆ ಮಗು ನಮಗೆ ಇಲ್ಲಿಯೇ ಕೇಳಿದಳು. ಅಂದಿನಿಂದ ನಾವು ಶಾಲೆಯ ಪ್ರಮಾಣಪತ್ರ ಕೇಳುತ್ತೇವೆ.

ಕಾನೂನು ಏನು ಹೇಳುತ್ತದೆ?

ಮಕ್ಕಳ ರಕ್ಷಣೆಯ ಕಾನೂನು ಒಂದೇ ದಿನದಲ್ಲಿ ಬಂದದ್ದಲ್ಲ. ಹಂತ ಹಂತವಾಗಿ ತಿದ್ದುಪಡಿಯಾಗುತ್ತ ಬಂದಿದೆ. 1929ರಲ್ಲಿ ಬ್ರಿಟಿಷರ ಕಾಲದಲ್ಲೇ ಬಾಲ್ಯವಿವಾಹಕ್ಕೆ ತಡೆ ಹಾಕುವ ಕಾಯ್ದೆ ಬಂತು. ಶಾರದಾ ಕಾಯ್ದೆ ಎಂದು ಅದು ಹೆಸರಾಯಿತು. 1939ರಲ್ಲಿ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆ ಬಂತು. ಹದಿನೈದು ತುಂಬುವ ಮೊದಲು ಮನೆಯವರು ನಿಕಾಹ್ ಮಾಡಿಕೊಟ್ಟಿದ್ದರೆ, ದಾಂಪತ್ಯ ನಡೆದಿಲ್ಲದಿದ್ದರೆ, ಹದಿನೆಂಟರೊಳಗೆ ಆ ನಿಕಾಹ್ ನನಗೆ ಬೇಡ ಎನ್ನುವ ಹಕ್ಕನ್ನು ಅದು ಹುಡುಗಿಗೆ ಕೊಟ್ಟಿತು. ಫಿಕ್ಹ್‌ನಲ್ಲಿ ಖಿಯಾರುಲ್ ಬುಲೂಗ್ ಎನ್ನುವ ಹಕ್ಕು ಇದೇ. ಇದನ್ನು ಹೊರಗಿನವರು ನಮ್ಮ ಮೇಲೆ ಹೇರಿದ್ದಲ್ಲ, ಉಲಮಾಗಳೇ ಮುಂದೆ ನಿಂತು ಇಂಥ ಕಾಯ್ದೆ ಬೇಕೆಂದು ಕೇಳಿದ್ದರು.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 2007ರ ನವೆಂಬರ್ 1ರಿಂದ ಜಾರಿಗೆ ಬಂತು. ಹೆಣ್ಣಿಗೆ 18, ಗಂಡಿಗೆ 21. ಆದರೆ ಆ ಕಾಯ್ದೆಯಲ್ಲಿ ಒಂದು ಕೊರತೆ ಇತ್ತು. ಬಾಲ್ಯವಿವಾಹ ಮಾಡಿಸಿದವರಿಗೆ ಶಿಕ್ಷೆ ಇತ್ತು, ಆದರೆ ನಡೆದ ಮದುವೆ ತಾನಾಗಿ ರದ್ದಾಗುತ್ತಿರಲಿಲ್ಲ. ಆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕಿತ್ತು. ಬಸ್ಸಿಗೆ ದುಡ್ಡಿಲ್ಲದ ಮಗು ಯಾವ ಕೋರ್ಟಿಗೆ ಹೋಗುತ್ತಾಳೆ?

ಕರ್ನಾಟಕ ಹೈಕೋರ್ಟಿನ ಸೂಚನೆಯಂತೆ ನಿವೃತ್ತ ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಸುಪ್ರೀಂ ಕೋರ್ಟಿನವರೆಗೆ ಹೋದ ಅವರು ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಳ್ಳಿಯವರು. ಈ ನೆಲದ ಕಷ್ಟ ಕಂಡವರು. 2011ರಲ್ಲಿ ಸಮಿತಿ ವರದಿ ಕೊಟ್ಟಿತು. ಆಮೇಲೆ ನಮ್ಮ ರಾಜ್ಯ 2016ರ ತಿದ್ದುಪಡಿ ತಂದಿತು. 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಪ್ರಕಾರ ಕರ್ನಾಟಕದಲ್ಲಿ ಈಗ ನಡೆಯುವ ಬಾಲ್ಯವಿವಾಹ ಮೊದಲ ಕ್ಷಣದಿಂದಲೇ ಅಸಿಂಧು. ಯಾರೂ ದೂರು ಕೊಡದಿದ್ದರೂ ಪೊಲೀಸರು ತಾವಾಗಿಯೇ ಕೇಸು ಹಾಕಬಹುದು. ಕನಿಷ್ಠ 1 ವರ್ಷ, ಗರಿಷ್ಠ 2 ವರ್ಷ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಯಾರಿಗೆ? ವಯಸ್ಕ ವರನಿಗೆ, ತಂದೆ ಅಥವಾ ಪಾಲಕರಿಗೆ, ಮದುವೆ ಓದಿಸಿದವರಿಗೆ, ಮಾಡಿಸಿದವರಿಗೆ. ಹೆಂಗಸರಿಗೆ ಜೈಲಿನಿಂದ ವಿನಾಯಿತಿ ಇದೆ, ಅಪರಾಧದಿಂದ ಇಲ್ಲ.

ಇದರ ಮೇಲೆ ಪೋಕ್ಸೊ ಕಾಯ್ದೆ ಇದೆ. ಅದು 2012ರ ನವೆಂಬರ್ 14ರಂದು ಜಾರಿಗೆ ಬಂತು. ಹದಿನೆಂಟರ ಒಳಗಿನವರೆಲ್ಲ ಅದರ ಪ್ರಕಾರ ಮಕ್ಕಳೇ. ಹೆಂಡತಿ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ ಎಂದು 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ನಮ್ಮ ಹೈಕೋರ್ಟಿನ ಮುಂದೆ ನಮ್ಮ ಸಮುದಾಯದ್ದೇ ಒಂದು ಪ್ರಕರಣ ಬಂತು. ಹದಿನೇಳರ ಹುಡುಗಿ ಗರ್ಭಿಣಿಯಾಗಿ ಆರೋಗ್ಯ ಕೇಂದ್ರಕ್ಕೆ ಹೋದಾಗ ವಿಷಯ ಹೊರಬಿದ್ದಿತ್ತು. ಪ್ರಾಯಕ್ಕೆ ಬಂದ ಹುಡುಗಿಯ ನಿಕಾಹ್ ನಮ್ಮ ವೈಯಕ್ತಿಕ ಕಾನೂನಿನಲ್ಲಿ ಸರಿ ಎಂದು ವಾದ ಮಾಡಲಾಯಿತು. ಕೋರ್ಟ್ ಆ ಹುಡುಗನಿಗೆ ಜಾಮೀನು ಕೊಟ್ಟಿತು, ಆದರೆ ವಾದ ಒಪ್ಪಲಿಲ್ಲ. ಪೋಕ್ಸೊ ವಿಶೇಷ ಕಾಯ್ದೆ, ಅದೇ ಮೇಲು ಎಂದಿತು. ಬೇರೆ ರಾಜ್ಯಗಳ ಕೋರ್ಟುಗಳಿಂದ ಬೇರೆ ರೀತಿಯ ತೀರ್ಪುಗಳೂ ಬಂದಿವೆ, ನಿಜ. ಆದರೆ ಆ ತೀರ್ಪುಗಳನ್ನು ನಂಬಿ ಯಾದಗಿರಿಯಲ್ಲಿ ಮಗಳ ಮದುವೆ ಮಾಡಿದವರು ಯಾದಗಿರಿಯ ಠಾಣೆಗೇ ಹೋಗಬೇಕಾಗುತ್ತದೆ. ಮಗು ಗರ್ಭಿಣಿಯಾಗಿದ್ದರೆ ಪೋಕ್ಸೊದಲ್ಲಿ ಶಿಕ್ಷೆ ಕನಿಷ್ಠ 20 ವರ್ಷ. ಇಪ್ಪತ್ತೆರಡರ ಅಳಿಯ ಹೊರಗೆ ಬರುವಾಗ ನಲವತ್ತು ದಾಟಿರುತ್ತಾನೆ.

ಇದು ಶರೀಅತ್‌ಗೆ ವಿರುದ್ಧವೇ?

ಅನೇಕ ಹಿರಿಯರ ಮನಸ್ಸಿನಲ್ಲಿ ಈ ಪ್ರಶ್ನೆ ಇದೆ. ಅದನ್ನು ಮುಚ್ಚಿಡುವುದು ಬೇಡ. ನಮ್ಮ ಫಿಕ್ಹ್‌ನ ಕಿತಾಬುಗಳಲ್ಲಿ ಪ್ರಾಯಕ್ಕೆ ಬಂದ ಮೇಲೆ ನಿಕಾಹ್ ಆಗಬಹುದು ಎಂದು ಇದೆ. ಆದರೆ ಆಗಬಹುದು ಎನ್ನುವುದಕ್ಕೂ ಆಗಲೇಬೇಕು ಎನ್ನುವುದಕ್ಕೂ ಅಂತರವಿದೆ. ಹದಿನೈದಕ್ಕೆ ಮದುವೆ ಮಾಡುವುದು ಫರ್ಜ್ ಅಲ್ಲ, ವಾಜಿಬ್ ಅಲ್ಲ. ಹದಿನೆಂಟರವರೆಗೆ ಕಾದ ತಂದೆಗೆ ಯಾವ ಗುನಾಹ್ ಕೂಡ ಇಲ್ಲ. ಮುಬಾಹ್ ಆದ ಒಂದು ವಿಷಯದಿಂದ ಜನರಿಗೆ ಹಾನಿಯಾಗುತ್ತಿದ್ದರೆ ಅದಕ್ಕೆ ಮಿತಿ ಹಾಕಬಹುದು ಎಂಬುದನ್ನು ಉಲಮಾಗಳು ಒಪ್ಪಿದ್ದಾರೆ. ಹಾನಿ ಮಾಡಿಕೊಳ್ಳಬಾರದು, ಹಾನಿ ಮಾಡಬಾರದು ಎಂಬ ಪ್ರವಾದಿ (ಸ) ಅವರ ಬೋಧನೆ ನಮ್ಮ ಕಾನೂನಿನ ದೊಡ್ಡ ಬುನಾದಿ.

ಕುರ್‌ಆನ್ ಏನು ಕಲಿಸುತ್ತದೆ ನೋಡಿ. ಸೂರಃ ಅನ್ನಿಸಾದ 6ನೇ ಆಯತ್‌ನಲ್ಲಿ ಅನಾಥ ಮಕ್ಕಳ ಆಸ್ತಿಯ ಮಾತು ಬರುತ್ತದೆ. ಅವರು ನಿಕಾಹ್‌ನ ವಯಸ್ಸು ಮುಟ್ಟಿದರು ಎಂದ ಮಾತ್ರಕ್ಕೆ ಆಸ್ತಿ ಅವರ ಕೈಗೆ ಕೊಟ್ಟುಬಿಡಿ ಎಂದು ಅಲ್ಲಾಹನು ಹೇಳಲಿಲ್ಲ. ಅವರನ್ನು ಪರೀಕ್ಷಿಸಿ, ಅವರಲ್ಲಿ ರುಶ್ದ್ ಕಂಡರೆ, ಅಂದರೆ ತಿಳಿವಳಿಕೆ ಬಂದಿದೆ ಎಂದು ಅನಿಸಿದರೆ ಕೊಡಿ ಎಂದ. ನಾಲ್ಕು ಎಕರೆ ಹೊಲ ಕೈಗೆ ಕೊಡಲು ಇಷ್ಟು ವಿಚಾರ ಮಾಡಬೇಕಾದರೆ, ಒಂದು ಮನೆ, ಒಬ್ಬ ಗಂಡ, ಹುಟ್ಟುವ ಮಕ್ಕಳು, ಇವೆಲ್ಲವನ್ನೂ ಒಂಬತ್ತನೇ ತರಗತಿಯ ಮಗುವಿನ ತಲೆಯ ಮೇಲೆ ಇಡುವ ಮೊದಲು ಎಷ್ಟು ವಿಚಾರ ಮಾಡಬೇಕು?

ಒಪ್ಪಿಗೆಯ ಮಾತು ನೋಡಿ. ಖನ್ಸಾ ಬಿಂತ್ ಖಿದಾಮ್ (ರ) ಅವರ ತಂದೆ ಅವರ ಇಷ್ಟಕ್ಕೆ ವಿರುದ್ಧವಾಗಿ ಮರುಮದುವೆ ಮಾಡಿದಾಗ ಅವರು ಪ್ರವಾದಿ (ಸ) ಅವರ ಬಳಿ ಬಂದರು. ಆ ನಿಕಾಹ್ ಅಲ್ಲಿಗೆ ರದ್ದಾಯಿತು. ಮೊದಲ ಮದುವೆಯ ಕನ್ಯೆಯೊಬ್ಬಳು ಇಂಥದ್ದೇ ದೂರು ತಂದಾಗ ಅವಳಿಗೂ ಆಯ್ಕೆ ಕೊಡಲಾಯಿತು ಎಂಬ ವರದಿ ಅಬೂದಾವೂದ್‌ನಲ್ಲಿದೆ. ನಮ್ಮಲ್ಲಿ ಇಬ್ಬರು ಸಾಕ್ಷಿಗಳು ಒಳಗೆ ಹೋಗಿ ಕಬೂಲ್ ಹೈ ಎಂದು ಕೇಳುತ್ತಾರೆ. ಮಗು ತಲೆ ತಗ್ಗಿಸಿ ಅಳುತ್ತಿರುತ್ತದೆ. ಪಕ್ಕದ ಖಾಲಾ ತಲೆ ಅಲ್ಲಾಡಿಸುತ್ತಾರೆ. ಇದು ಒಪ್ಪಿಗೆಯೇ? ಇಲ್ಲ ಎನ್ನುವ ಧೈರ್ಯ ಬಂದ ಮೇಲೆಯೇ ಹೌದು ಎನ್ನುವ ಮಾತಿಗೆ ಬೆಲೆ.

ಎಳೆಯ ಮಕ್ಕಳ ನಿಕಾಹ್ ಕೂಡದು ಎಂದ ಇಮಾಮರು ಹಿಂದೆಯೂ ಇದ್ದರು. ಕೂಫಾದ ಖಾಜಿ ಇಬ್ನ್ ಶುಬ್ರುಮಾ (ರಹ್) ಅವರ ಅಭಿಪ್ರಾಯ ಅದೇ. 1917ರಲ್ಲಿ ಉಸ್ಮಾನಿಯಾ ಸಲ್ತನತ್ ತನ್ನ ಕುಟುಂಬ ಕಾನೂನು ಬರೆದಾಗ ಅದನ್ನೇ ಆಧಾರ ಮಾಡಿಕೊಂಡು ಹುಡುಗನಿಗೆ 18, ಹುಡುಗಿಗೆ 17 ಎಂದು ಇಟ್ಟಿತು. ನಮ್ಮ ಶಾರದಾ ಕಾಯ್ದೆಗಿಂತ ಅದು ಹನ್ನೆರಡು ವರ್ಷ ಮೊದಲು. ಮೊರೊಕ್ಕೊ 2004ರಲ್ಲಿ 18 ಎಂದಿತು. ಈಜಿಪ್ಟ್‌ನಲ್ಲಿ 2008ರಿಂದ 18ರ ಒಳಗಿನ ಮದುವೆ ನೋಂದಣಿಯಾಗುವುದಿಲ್ಲ. ಪಾಕಿಸ್ತಾನದ ಸಿಂಧ್ ಪ್ರಾಂತ್ಯ 2014ರಲ್ಲಿ 18 ಮಾಡಿತು. ಇಂಡೋನೇಷ್ಯಾ 2019ರಲ್ಲಿ ಹುಡುಗಿಯರಿಗೂ 19 ಮಾಡಿತು. ಇವೆಲ್ಲ ನಮ್ಮವರೇ ಬಹುಸಂಖ್ಯಾತರಾಗಿರುವ ನಾಡುಗಳು. ಅಲ್ಲಿನ ದೀನ್ ಏನೂ ಹಾಳಾಗಿಲ್ಲ.

ನಮ್ಮ ನೆಪಗಳು

ನಮ್ಮ ಸಮುದಾಯದಲ್ಲಿ ಮಾತ್ರ ಈ ಪಿಡುಗು ಇದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಈ ಭಾಗದ ಎಲ್ಲ ಜಾತಿಗಳಲ್ಲೂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನರಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. ಆದರೆ ಪಕ್ಕದ ಮನೆಯಲ್ಲೂ ಬೆಂಕಿ ಇದೆ ಎಂದು ನಮ್ಮ ಮನೆಯ ಬೆಂಕಿ ಆರಿಸದೆ ಕೂರುತ್ತೇವೆಯೇ?

ಒಂದು ನೆಪ ಬಡತನ. ದೊಡ್ಡವಳಾದಷ್ಟೂ ಜೋಡೆ ಕಾ ಪೈಸಾ ಜಾಸ್ತಿ ಕೇಳುತ್ತಾರೆ, ಓದಿದವಳಿಗೆ ಓದಿದ ವರ ಬೇಕಾಗುತ್ತದೆ ಎನ್ನುತ್ತಾರೆ. ಹಾಗಾದರೆ ಹರಾಮ್ ಆದ ವರದಕ್ಷಿಣೆ ಉಳಿಸಿಕೊಂಡು ಮಗಳ ಬಾಲ್ಯವನ್ನು ಕೊಟ್ಟಂತಾಯಿತು. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬೇಡಿ, ಅವರಿಗೂ ನಿಮಗೂ ಅನ್ನ ಕೊಡುವವನು ಅಲ್ಲಾಹನೇ ಎಂದು ಕುರ್‌ಆನ್ ನಮಗೆ ಎಚ್ಚರಿಕೆ ಕೊಟ್ಟಿಲ್ಲವೇ? ಮಣ್ಣಿನಲ್ಲಿ ಹೂಳುವುದು ಮಾತ್ರ ಹೂಳುವುದಲ್ಲ.

ಇನ್ನೊಂದು ನೆಪ ಗುಳೆ. ನಾವು ಬೆಂಗಳೂರು, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋದರೆ ಪ್ರಾಯದ ಹುಡುಗಿಯನ್ನು ಯಾರ ಹತ್ತಿರ ಬಿಡುವುದು? ಈ ಪ್ರಶ್ನೆ ನೆಪವಲ್ಲ, ನಿಜವಾದ ಕಷ್ಟ. ಇದಕ್ಕೆ ಉತ್ತರ ಕೊಡಬೇಕಾದದ್ದು ಜಮಾಅತ್. ಆ ಮಾತಿಗೆ ಆಮೇಲೆ ಬರುತ್ತೇವೆ.

ಮೂರನೆಯದು ಮಾನ. ಕೈಯಲ್ಲಿ ಮೊಬೈಲ್ ಇದೆ, ಕಾಲ ಕೆಟ್ಟಿದೆ, ಏನಾದರೂ ಆಗುವ ಮೊದಲು ದಾಟಿಸಿಬಿಡೋಣ ಎನ್ನುತ್ತಾರೆ. ಮಗಳ ಮೇಲೆ ಅನುಮಾನ ಬಂದರೆ ಮದುವೆ, ಮಗನ ಮೇಲೆ ಅನುಮಾನ ಬಂದರೆ ಹೊಸ ಮೊಬೈಲ್. ಇದು ಯಾವ ನ್ಯಾಯ? ತರ್ಬಿಯತ್ ಇಬ್ಬರಿಗೂ ಬೇಕು.

ಇದು ಶುರುವಾಗುವುದು ಎಲ್ಲಿ ಗೊತ್ತೇ? ಹತ್ತಿ ಬಿಡಿಸುವ ಕಾಲದಲ್ಲಿ. ಎರಡು ವಾರ ಶಾಲೆ ಬಿಡಿಸುತ್ತೇವೆ. ಎರಡು ವಾರ ಎರಡು ತಿಂಗಳಾಗುತ್ತದೆ. ಪಾಠ ಹಿಂದೆ ಬೀಳುತ್ತದೆ, ಮಗುವಿಗೆ ಶಾಲೆಗೆ ಹೋಗಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಕೂತ ಮೇಲೆ ಸಂಬಂಧ ಬರುತ್ತದೆ. ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಹೋದ ದಿನವೇ ಅರ್ಧ ನಿಕಾಹ್ ಆದಂತೆ.

ಕಾನೂನಿನಲ್ಲಿ ಇನ್ನೂ ಆಗಬೇಕಾದದ್ದು

ಕಾನೂನು ಪಾಲಿಸಬೇಕು ಎಂದು ಹೇಳುವವರಿಗೆ ಕಾನೂನಿನ ಕೊರತೆ ಹೇಳುವ ಹಕ್ಕೂ ಇದೆ. ನಿಶ್ಚಿತಾರ್ಥವನ್ನೂ ಅಪರಾಧ ಮಾಡುವ ತಿದ್ದುಪಡಿಯ ಕಡೆಗೆ ನಮ್ಮ ರಾಜ್ಯ ಸರ್ಕಾರ ಹೆಜ್ಜೆ ಇಟ್ಟಿದೆ. ನಮಗೆ ಅದು ಸರಿ ಎನಿಸುತ್ತದೆ. ಏಕೆಂದರೆ ಪೆಂಡಾಲ್ ಹಾಕಿ, ಬಿರಿಯಾನಿ ಬೇಯಿಸಿ, ನೆಂಟರೆಲ್ಲ ಬಂದ ಮೇಲೆ ಅಧಿಕಾರಿಗಳು ಬಂದು ನಿಲ್ಲಿಸಿದರೆ ಅವಮಾನವಾಗುವುದು ಆ ಮಗುವಿಗೆ. ಮಾತು ಕೊಡುವ ಹಂತದಲ್ಲೇ ತಡೆದರೆ ಯಾರಿಗೂ ನಷ್ಟವಿಲ್ಲ.

ಆದರೆ ಎರಡು ಮಾತು ಸರ್ಕಾರಕ್ಕೂ ಮುಟ್ಟಬೇಕು. ಮೊದಲನೆಯದು, ಮದುವೆ ಅಸಿಂಧು ಎಂದು ಬರೆದರೆ ಸಾಲದು. ಅಸಿಂಧುವಾದ ಮೇಲೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಅವಳಿಗೆ ಹುಟ್ಟಿದ ಮಗು ಕಾನೂನುಬದ್ಧ ಎಂದು ಕಾಯ್ದೆ ಹೇಳುತ್ತದೆ, ಅಲ್ಹಮ್ದುಲಿಲ್ಲಾಹ್. ಆದರೆ ಅವಳ ಅನ್ನ, ಅವಳ ಓದು, ಅವಳು ತಲೆ ಎತ್ತಿ ಬದುಕುವ ದಾರಿ? ಇವು ಕಾಗದದ ಮೇಲೆ ಇರುವಷ್ಟು ಹಳ್ಳಿಯಲ್ಲಿ ಕಾಣುವುದಿಲ್ಲ. ಎರಡನೆಯದು, ಹದಿನೆಂಟರ ಒಳಗಿನ ಗರ್ಭಿಣಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು ಎಂಬ ನಿಯಮ ಪೋಕ್ಸೊದಲ್ಲಿದೆ. ಅಪರಾಧ ಮುಚ್ಚಿಹೋಗಬಾರದು ಎಂಬುದು ಉದ್ದೇಶ, ಒಪ್ಪುತ್ತೇವೆ. ಆದರೆ ಆ ಭಯದಿಂದ ಮನೆಯವರು ಮಗುವನ್ನು ಆಸ್ಪತ್ರೆಗೇ ಕರೆದೊಯ್ಯದೆ ಮನೆಯಲ್ಲೇ ಹೆರಿಗೆ ಮಾಡಿಸಲು ಹೊರಟರೆ ಜೀವವೇ ಹೋಗುತ್ತದೆ. ಚಿಕಿತ್ಸೆ ಮೊದಲು, ವಿಚಾರಣೆ ಆಮೇಲೆ ಎಂಬ ಭರವಸೆ ಜನರಿಗೆ ಸಿಗಬೇಕು. ನಾವು ಮನೆಯವರಿಗೂ ಕೈಮುಗಿದು ಹೇಳುತ್ತೇವೆ: ತಪ್ಪು ನಡೆದುಹೋಗಿದ್ದರೆ ಕೇಸಿಗೆ ಹೆದರಿ ಮಗುವಿನ ಜೀವ ತೆಗೆಯಬೇಡಿ. ಒಂದು ಜೀವ ಉಳಿಸಿದರೆ ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂದು ಕಲಿತ ಉಮ್ಮತ್ ನಾವು.

2021ರಲ್ಲಿ ಹೆಣ್ಣಿಗೂ 21 ಮಾಡುವ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಲಾಗಿತ್ತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದು ಬಿದ್ದುಹೋಯಿತು. ಆ ಚರ್ಚೆ ಮುಂದೆ ಬರಬಹುದು. ನಮ್ಮ ಹಳ್ಳಿಗಳಲ್ಲಿ ಮಾತ್ರ ಹದಿನೆಂಟೇ ಇನ್ನೂ ನಿಂತಿಲ್ಲ. ಮೊದಲು ಅದನ್ನು ನಿಲ್ಲಿಸೋಣ.

ನಮ್ಮ ಮಸೀದಿಯ ನಿರ್ಧಾರ

ಜಮಾಅತ್‌ನ ಹಿರಿಯರ ಜೊತೆ ಕೂತು ಮಾತಾಡಿ ಕೆಲವು ವಿಷಯ ತೀರ್ಮಾನಿಸಿದ್ದೇವೆ.

ಒಂದು, ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲದೆ ನಿಕಾಹ್ ಓದಿಸುವುದಿಲ್ಲ. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ ತರಬೇಕು. ಬಾಲನ್ಯಾಯ ಕಾಯ್ದೆಯೂ ವಯಸ್ಸು ನಿರ್ಧರಿಸಲು ಇದೇ ಕ್ರಮ ಹೇಳುತ್ತದೆ. ಆಧಾರ್ ಕಾರ್ಡ್ ಗುರುತಿಗೆ ಸರಿ, ವಯಸ್ಸಿಗೆ ಅದು ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ವರನ ಕಾಗದವೂ ಬೇಕು.

ಎರಡು, ಇಲ್ಲಿ ಓದಿಸದಿದ್ದರೆ ಗಡಿ ದಾಟಿ ನಾರಾಯಣಪೇಟೆಯಲ್ಲೋ ಹೈದರಾಬಾದಿನಲ್ಲೋ ಓದಿಸುತ್ತೇವೆ ಎನ್ನುವವರು ನೆನಪಿಡಿ. 2006ರ ಕಾಯ್ದೆ ಅಲ್ಲಿಯೂ ಇದೆ. ಅಂಥ ದಾವತ್‌ಗೆ ನಾವು ಬರುವುದಿಲ್ಲ, ಜಮಾಅತ್‌ನ ಹಿರಿಯರೂ ಬರುವುದಿಲ್ಲ. ಭಾಗವಹಿಸುವುದೂ ಕಾನೂನಿನಲ್ಲಿ ಅಪಾಯವೇ.

ಮೂರು, ಗುಳೆ ಹೋಗುವ ಮನೆಯವರು ಹೆಣ್ಣುಮಕ್ಕಳ ವಿಷಯವನ್ನು ಮುಂಚೆಯೇ ನಮಗೆ ತಿಳಿಸಿ. ವಸತಿ ಶಾಲೆ, ಅಲ್ಪಸಂಖ್ಯಾತರ ಹಾಸ್ಟೆಲ್‌ಗೆ ಅರ್ಜಿ ತುಂಬಿಸುವ ಕೆಲಸವನ್ನು ಮಸೀದಿಯ ಓದಿದ ಯುವಕರು ಮಾಡುತ್ತಾರೆ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳನ್ನು ವಾರಕ್ಕೊಮ್ಮೆ ಮೊಹಲ್ಲಾದ ಹೆಂಗಸರು ಹೋಗಿ ನೋಡಿಕೊಂಡು ಬರುತ್ತಾರೆ. ಕಾಲೇಜಿಗೆ ಯಾದಗಿರಿ ದೂರ ಎಂಬ ಮಾತು ಈಗ ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. 371ಜೆ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಇದೆ. ಓದು ಬಿಡಿಸಿದ ಮಗಳಿಗೆ ಆ ಬಾಗಿಲು ಮುಚ್ಚುತ್ತದೆ.

ನಾಲ್ಕು, ಮಗುವಿಗೆ ತೊಂದರೆ ಇದೆ ಎಂದು ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ ಅದು. ಅದು ಚಾಡಿಯಲ್ಲ, ಗೀಬತ್ ಅಲ್ಲ. ಮುಳುಗುತ್ತಿರುವವರನ್ನು ನೋಡಿ ಕೂಗುವುದು ಚಾಡಿಯೇ?

ಐದು, ಇದು ನಮ್ಮ ಮನೆಯೊಳಗಿನ ಮಾತು. ಮಕ್ಕಳ ರಕ್ಷಣೆ ಎಂದರೆ ನಿಕಾಹ್ ಒಂದೇ ಅಲ್ಲ. ನಮ್ಮ ಮಕ್ತಬ್‌ನಲ್ಲಿ ಇನ್ನು ಮುಂದೆ ಬೆತ್ತ ಇರುವುದಿಲ್ಲ. ಯಾವ ಉಸ್ತಾದರೂ ಒಂಟಿ ಮಗುವನ್ನು ಬಾಗಿಲು ಹಾಕಿ ಓದಿಸಬಾರದು, ನಾವೂ ಸೇರಿ. ಅನಸ್ (ರ) ಅವರು ಹತ್ತು ವರ್ಷ ಪ್ರವಾದಿ (ಸ) ಅವರ ಸೇವೆ ಮಾಡಿದರು. ಒಮ್ಮೆಯೂ ಅವರಿಂದ ಬೇಸರದ ಒಂದು ಉದ್ಗಾರವನ್ನೂ ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ. ಮಕ್ಕಳು ಮನೆಗೆ ಬಂದು ಉಸ್ತಾದರ ಬಗ್ಗೆಯೋ, ನೆಂಟರ ಬಗ್ಗೆಯೋ ಏನಾದರೂ ಹೇಳಿದರೆ ಬಾಯಿ ಮುಚ್ಚಿಸಬೇಡಿ. ಮೊದಲು ಕೇಳಿ, ಆಮೇಲೆ ನಮ್ಮ ಹತ್ತಿರ ಬನ್ನಿ, ಪೊಲೀಸರ ಹತ್ತಿರವೂ ಹೋಗಿ. ಮಸೀದಿಯ ಹೆಸರು ಉಳಿಯಬೇಕು ಎಂದು ಮಗುವಿನ ದೂರು ಮುಚ್ಚಿಹಾಕಿದರೆ ಅಲ್ಲಾಹನ ಮುಂದೆ ಆ ಹೆಸರು ಉಳಿಯುವುದಿಲ್ಲ.

ಮೊದಲು ಹೇಳಿದ ಆ ತಂದೆ ಮತ್ತೆ ಬಂದರು. ಪ್ರಮಾಣಪತ್ರ ತಂದಿದ್ದರು. ಮಗುವಿಗೆ ಹದಿನಾರು ವರ್ಷ ಎರಡು ತಿಂಗಳು. "ಏನು ಮಾಡಲಿ ಹಜರತ್, ಗಂಡಿನ ಕಡೆಯವರಿಗೆ ಮಾತು ಕೊಟ್ಟಿದ್ದೇನೆ" ಎಂದರು. ನಾವು ಅವರ ಜೊತೆ ಗಂಡಿನ ಮನೆಗೆ ಹೋದೆವು. ಎರಡು ತಾಸು ಮಾತಾಯಿತು. ಅವರು ಕಾಯಲು ಒಪ್ಪಿದ್ದಾರೆಯೋ, ಬೇರೆ ಸಂಬಂಧ ನೋಡುತ್ತಾರೆಯೋ ಅದು ಅವರಿಗೆ ಬಿಟ್ಟದ್ದು, ಇನ್ನೂ ಉತ್ತರ ಬಂದಿಲ್ಲ. ಹುಡುಗಿ ಮಾತ್ರ ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದಾಳೆ. ಆ ತಂದೆ ಇವತ್ತು ಈ ಸಫ್‌ನಲ್ಲೇ ಕೂತಿದ್ದಾರೆ. ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ಕೊಡಲಿ.

ಯಾ ಅಲ್ಲಾಹ್, ನಮ್ಮ ಮಕ್ಕಳನ್ನು ನಮ್ಮ ಕಣ್ಣಿನ ತಂಪು ಮಾಡು. ತಿಳಿದೂ ಸುಮ್ಮನಿದ್ದ ನಮ್ಮ ತಪ್ಪುಗಳನ್ನು ಕ್ಷಮಿಸು. ನಮ್ಮ ಮೌನದಿಂದ ನೊಂದ ಹೆಣ್ಣುಮಕ್ಕಳ ಬದುಕಿನಲ್ಲಿ ಆಫಿಯತ್ ಮತ್ತು ಬರಕತ್ ನೀಡು. ನಿನ್ನ ಅಮಾನತ್ ಅನ್ನು ಹಾಗೆಯೇ ನಿನಗೆ ಒಪ್ಪಿಸುವ ತೌಫೀಕ್ ಕೊಡು.

ಆಮೀನ್, ಯಾ ರಬ್ಬಲ್ ಆಲಮೀನ್.